ಟರ್ಕಿಗೆ ಬೇರೆ ನೆಲ

ಬೆಂಗಳೂರಿನ ಉತ್ತರಕ್ಕಿರುವ ರಾಜಾನುಕುಂಟೆಯ ಆಚೆ ನಮ್ಮ ಅಕ್ಕ-ಭಾವನವರ ತೋಟದಲ್ಲಿ ನಾಟಿ ಕೋಳಿ, ಗಿರಿರಾಜ, ಬಾತುಕೋಳಿ, ಗಿನಿ ಕೋಳಿ, ಟರ್ಕಿ ಎಲ್ಲವೂ ಒಂದೇ ಬೇಲಿಯೊಳಗೆ ಬೆಳೆಯುತ್ತಿದ್ದವು. ಕಳೆದ ಮಳೆಗಾಲದಲ್ಲಿ ಟರ್ಕಿಗಳು ಒಂದರ ಹಿಂದೊಂದು ಮಂಕಾಗಿ, ರೆಕ್ಕೆ ಜೋಲುಬಿಟ್ಟು, ಗಂಧಕದ ಬಣ್ಣದ ಹಿಕ್ಕೆ ಹಾಕುತ್ತಾ ಸಾಯತೊಡಗಿದವು. ಅದೇ ಅಂಗಳದ ಕೋಳಿಗಳು ಮಾತ್ರ ಎಂದಿನಂತೆ ಕೆದಕಿಕೊಂಡು ಓಡಾಡುತ್ತಿದ್ದವು. "ರೋಗ ಅಂತ ಬಂದಿದ್ದರೆ ಕೋಳಿಗೂ ತಗುಲಬೇಕಿತ್ತಲ್ಲಪ್ಪ, ಟರ್ಕಿಗೇ ಏನಾಯಿತು?" ಎಂದು ಭಾವ ಕೇಳಿದರು.

ಅಂದು ಬೆಳಗಿನ ಜಾವ ಸತ್ತ ಟರ್ಕಿಯೊಂದನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ಸುತ್ತ ಐಸ್ ಇಟ್ಟು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ದೆವು. ಸತ್ತ ಹಕ್ಕಿಯನ್ನು ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿದರೆ ಅಂಗಾಂಶ ಕೆಟ್ಟು ರೋಗದ ಗುರುತು ಸಿಗುವುದಿಲ್ಲವಾದ್ದರಿಂದ, ತಂಪಾಗಿಟ್ಟು ಬೇಗ ತಲುಪಿಸುವುದೇ ಸರಿ. ವೈದ್ಯರು ಹೊಟ್ಟೆ ಸೀಳಿ ಪಿತ್ತಜನಕಾಂಗವನ್ನು ತಟ್ಟೆಯಲ್ಲಿಟ್ಟರು. ಅದರ ಮೇಲೆ ನಡುವೆ ತಗ್ಗಾದ, ಅಂಚು ಎದ್ದ, ಹಳದಿ ಬಣ್ಣದ ದುಂಡನೆಯ ಕಲೆಗಳಿದ್ದವು. ಒಂದು ತುದಿ ಮುಚ್ಚಿದ ಚೀಲದಂಥ ಕುರುಡು ಕರುಳು ದಪ್ಪಗೆ ಊದಿ, ಒಳಗೆ ಗಟ್ಟಿಯಾದ ಹಳದಿ ಗಂಟು ಕಟ್ಟಿಕೊಂಡಿತ್ತು. ಅದು ಬ್ಲ್ಯಾಕ್‌ಹೆಡ್ ರೋಗ. ಹೆಸರು ಹಾಗಿದ್ದರೂ ಹಕ್ಕಿಯ ತಲೆ ಕಪ್ಪಾಗಲೇಬೇಕೆಂದಿಲ್ಲ.

ಭಾವನವರ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಅಲ್ಲಿಯೇ. ಈ ರೋಗವನ್ನು ತರುವ ಹಿಸ್ಟೊಮೊನಾಸ್ ಎಂಬ ಏಕಕೋಶ ಜೀವಿ ಹೊರಗಿನ ಗಾಳಿಯಲ್ಲಿ ಕೆಲವು ಗಂಟೆಗಳಲ್ಲೇ ಸಾಯುತ್ತದೆ. ಆದರೆ ಕೋಳಿಯ ಕುರುಡು ಕರುಳಿನಲ್ಲಿ ವಾಸಿಸುವ ಹೆಟರಾಕಿಸ್ ಹುಳುವಿನ ಮೊಟ್ಟೆಯೊಳಗೆ ಸೇರಿಕೊಂಡರೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಆ ಮೊಟ್ಟೆಗಳನ್ನು ಎರೆಹುಳುಗಳು ನುಂಗಿರುತ್ತವೆ, ಮಳೆಗೆ ಮೇಲೆ ಬಂದ ಎರೆಹುಳುವನ್ನು ಟರ್ಕಿ ಹೆಕ್ಕುತ್ತದೆ. ಕೋಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅದು ರೋಗವನ್ನು ಹೊತ್ತು ತಿರುಗುತ್ತದೆಯಷ್ಟೆ. ಆ ಭಾನುವಾರ ಸಾರಿಗೆಂದು ಕೊಯ್ದ ನಾಟಿ ಕೋಳಿಯ ಕುರುಡು ಕರುಳನ್ನು ನಾನೇ ಬಿಡಿಸಿ ನೋಡಿದೆ. ಬಿಳಿ ನೂಲಿನ ತುಣುಕುಗಳಂತೆ, ಒಂದು ಸೆಂಟಿಮೀಟರಿನಷ್ಟು ಉದ್ದದ ಹುಳುಗಳು ಮಿಸುಕಾಡುತ್ತಿದ್ದವು. ಆ ಕೋಳಿ ಹಿಂದಿನ ದಿನದವರೆಗೂ ಚೆನ್ನಾಗಿ ಮೇಯುತ್ತಿತ್ತು.

ಬಗೆಬಗೆಯ ಹಕ್ಕಿಗಳನ್ನು ಒಟ್ಟಿಗೆ ಸಾಕುವವರು ಮುಖ್ಯವಾಗಿ ಅಂಜಬೇಕಾದದ್ದು ಇದಕ್ಕೇ. ಆರೋಗ್ಯವಾಗಿ ಕಾಣುವ ಬಾತುಕೋಳಿ ಹಕ್ಕಿಜ್ವರದ ವೈರಸ್ಸನ್ನು ಹೊತ್ತಿರಬಹುದು, ರಾಣಿಖೇತ್ ಎಂದೂ ಕರೆಯುವ ಕೊಕ್ಕರೆ ರೋಗವೂ ಬಾತುಗಳನ್ನು ಅಷ್ಟಾಗಿ ಕಾಡದೆ ಕೋಳಿ ಮತ್ತು ಟರ್ಕಿಗಳನ್ನು ಕೆಡವುತ್ತದೆ. ಹೆಸರಘಟ್ಟದ ಕೇಂದ್ರೀಯ ಕೋಳಿ ಸಾಕಣೆ ಕೇಂದ್ರದಲ್ಲಿ 2012ರ ಅಕ್ಟೋಬರಿನಲ್ಲಿ ಸಾವಿರಾರು ಟರ್ಕಿಗಳು ಸತ್ತು, ಅದು ಹಕ್ಕಿಜ್ವರವೆಂದು ಖಚಿತವಾದ ಮೇಲೆ ಉಳಿದ ಹಕ್ಕಿಗಳನ್ನೂ ಕೊಲ್ಲಬೇಕಾಗಿ ಬಂದದ್ದು ಈ ಭಾಗದ ಸಾಕಣೆದಾರರಿಗೆ ಇನ್ನೂ ನೆನಪಿದೆ. ಚಳಿಗಾಲದಲ್ಲಿ ಕೆರೆಗಳಿಗೆ ವಲಸೆ ಹಕ್ಕಿಗಳು ಬರುವ ಈ ಪ್ರದೇಶದಲ್ಲಿ, ಬಾತುಗಳನ್ನು ಕೆರೆಗೆ ಬಿಟ್ಟು ಸಂಜೆ ಕೋಳಿಗಳ ಜೊತೆ ಕೂಡಿಹಾಕುವುದು ನನ್ನ ಮಟ್ಟಿಗೆ ಸಲ್ಲದ ಕೆಲಸ.

ಬಾತುಗಳನ್ನು ಮಾರಿಬಿಡೋಣವೆಂದು ಭಾವ ಅಂದಾಗ ಅಕ್ಕ ಒಪ್ಪಲಿಲ್ಲ, ಒಪ್ಪಬೇಕಾದ ಅಗತ್ಯವೂ ಇರಲಿಲ್ಲ. ತೋಟದ ತಗ್ಗಿನ ಮೂಲೆಯಲ್ಲಿ, ಅವುಗಳ ಕೊಚ್ಚೆನೀರು ಬೇರೆ ಹಕ್ಕಿಗಳತ್ತ ಹರಿಯದ ಹಾಗೆ, ಬೋರ್‌ವೆಲ್ ನೀರಿನ ತೊಟ್ಟಿ ಕಟ್ಟಿಸಿ ಮೇಲೆ ಬಲೆ ಹೊದಿಸಿದೆವು. ಬಾತುಗಳು ಚೆಲ್ಲುವ ನೀರಿನಿಂದ ಹಾಸು ಒದ್ದೆಯಾದರೆ ಕೋಳಿಗಳ ರಕ್ತಭೇದಿಯ ಪರಾವಲಂಬಿಗೆ ಅನುಕೂಲವಾಗುವುದರಿಂದ, ಅವು ದೂರ ಹೋದದ್ದೇ ಅರ್ಧ ಕೆಲಸ ಮುಗಿದಂತೆ. ಟರ್ಕಿಗಳಿಗೆ ಕೋಳಿ ಕಾಲಿಟ್ಟಿರದ ಮೇಲಿನ ಜಾಗದಲ್ಲಿ, ನೆಲದಿಂದ ಎತ್ತರಿಸಿದ ತಂತಿಜಾಲರಿಯ ಮನೆಯಾಯಿತು. ಬ್ಲ್ಯಾಕ್‌ಹೆಡ್‌ಗೆ ಲಸಿಕೆ ಇಲ್ಲ. ಫೆನ್‌ಬೆಂಡಜೋಲ್ ಮದ್ದು ಹುಳುವನ್ನು ಕೊಲ್ಲುತ್ತದೆಯೇ ಹೊರತು ಒಳಹೊಕ್ಕ ಹಿಸ್ಟೊಮೊನಾಸನ್ನಲ್ಲ. ಆದ್ದರಿಂದ ನೆಲವನ್ನು ಬೇರ್ಪಡಿಸುವುದೇ ಮೊದಲ ಮದ್ದು. ಕೊಕ್ಕರೆ ರೋಗಕ್ಕಾದರೋ ಲಸಿಕೆಯಿದೆ, ಮರಿಗೆ ವಾರ ತುಂಬುವುದರೊಳಗೆ ಕಣ್ಣಿಗೆ ಹನಿ ಹಾಕಿಸುತ್ತಾರೆ.

ಕೋಳಿಯ ಮೇವನ್ನು ಟರ್ಕಿಗೆ ಹಾಕುವುದನ್ನೂ ನಿಲ್ಲಿಸಲಾಯಿತು, ಏಕೆಂದರೆ ರಕ್ತಭೇದಿ ತಡೆಯಲು ಕೋಳಿಮೇವಿಗೆ ಬೆರೆಸುವ ಸಾಲಿನೊಮೈಸಿನ್ ಎಂಬ ಮದ್ದು ಟರ್ಕಿಗೆ ವಿಷ. ಬೆಳಗಿನ ಕೆಲಸಕ್ಕೂ ಈಗ ಒಂದು ಕ್ರಮವಿದೆ. ಮೊದಲು ಟರ್ಕಿ, ಆಮೇಲೆ ಕೋಳಿ ಮತ್ತು ಗಿನಿ, ಕೊನೆಗೆ ಬಾತು. ಒಂದೊಂದು ಕಡೆಗೂ ಬೇರೆ ಚಪ್ಪಲಿ, ಬೇರೆ ಬಕೆಟ್, ಬಾಗಿಲಲ್ಲಿ ಸುಣ್ಣದ ಪುಡಿ. ಕೆಲಸದವಳು ಲಕ್ಷ್ಮಮ್ಮ ಬಕೆಟ್‌ಗಳಿಗೆ ಬಣ್ಣದ ಬಟ್ಟೆ ಕಟ್ಟಿ ಗುರುತು ಮಾಡಿಕೊಂಡಿದ್ದಾಳೆ. ಸಂತೆಯಿಂದ ತಂದ ಹೊಸ ಹಕ್ಕಿಗಳು ಒಂದು ತಿಂಗಳು ಗೇಟಿನ ಬಳಿಯ ಗೂಡಿನಲ್ಲಿರುತ್ತವೆ, ಅವುಗಳ ಸರದಿ ಬಾತುಗಳಿಗಿಂತಲೂ ಕಡೆಗೆ. ಮಾರಲು ಒಯ್ದು ಉಳಿದು ಬಂದ ಹಕ್ಕಿಗಳಿಗೂ ಇದೇ ನಿಯಮವೆಂದು ಭಾವ ತಾವಾಗಿಯೇ ಸೇರಿಸಿದ್ದಾರೆ.