ಮುಚ್ಚಳದ ಮೇಲೆ ಬರೆದಿದ್ದೆ

ಜರ್ಮನಿಯ ಒಂದು ಲ್ಯಾಬ್‌ನಲ್ಲಿ ನನ್ನ ಕೆಲಸ ಹರಳು ಹಿಂಡುವುದು. ಮೆಗ್ನೀಷಿಯಂ ಆಕ್ಸೈಡ್‌ನ ಒಂಟಿ ಹರಳು, ಸಾಸಿವೆ ಕಾಳಿನಷ್ಟು. ಅದಕ್ಕೆ ಆರು ಕಡೆಯಿಂದ 4 ಗಿಗಾಪಾಸ್ಕಲ್, ಅಂದರೆ ಗಾಳಿಯ ಒತ್ತಡದ ಸುಮಾರು 40,000 ಪಟ್ಟು ಕೊಟ್ಟು, 1000 ಡಿಗ್ರಿಗೆ ಕಾಯಿಸಿ, ಆಮೇಲೆ ಮೇಲಿಂದ ಕೆಳಗಿಂದ ಮಾತ್ರ ನಿಧಾನಕ್ಕೆ ಇನ್ನಷ್ಟು ತಳ್ಳುತ್ತೇವೆ. ಸುತ್ತ ಅಷ್ಟು ಒತ್ತಡ ಇದ್ದಾಗ ಬಿರುಕು ಬಾಯಿ ಬಿಡಲ್ಲ, ಹರಳು ಒಡೆಯದೆ ಕುಗ್ಗುತ್ತದೆ. ಭೂಮಿಯಲ್ಲಿ 660 ಕಿಲೋಮೀಟರ್ ಆಳದಿಂದ ಕೆಳಗೆ ಇದೇ ಖನಿಜ ಸ್ವಲ್ಪ ಕಬ್ಬಿಣ ಬೆರೆಸಿಕೊಂಡು ಕೂತಿದೆ, ಅದಕ್ಕೇ ಈ ಉಸಾಬರಿ.

ಹಿಂಡುವ ಪ್ರೆಸ್ ಸರಿಯಿದೆಯಾ ಅಂತ ನೋಡಲು ಎರಡು ಡಬ್ಬಿಯಿಂದ ಒಂದೊಂದು ಹರಳು ತೆಗೆದು ಒಂದರ ಮೇಲೊಂದು ಇಟ್ಟಿದ್ದೆ. ಎರಡೂ 100 ದಿಕ್ಕಿನವು (ಹರಳಿನೊಳಗೆ ಅಣುಗಳ ಸಾಲು ಯಾವ ಕಡೆಗಿದೆ ಅಂತ ಹೇಳುವ ಸಂಖ್ಯೆ ಇದು), ಒಂದೇ ಸಮ ಕುಗ್ಗಬೇಕು. ಹೊರಗೆ ತೆಗೆದು ಕೊಯ್ದು ನೋಡಿದರೆ ಮೇಲಿನದು ಉಬ್ಬಿ ಗಿಡ್ಡ ಆಗಿದೆ, ಕೆಳಗಿನದು ಇಟ್ಟ ಹಾಗೇ ಇದೆ.

ಕೆಳಗೆ ಬಿಸಿ ಕಮ್ಮಿ ಇರಬೇಕು ಅಂದುಕೊಂಡೆ. ಕುಲುಮೆಯ ಗ್ರಾಫೈಟ್ ಕೊಳವೆ ಬದಲಿಸಿದೆ, ಬಿಸಿ ಅಳೆಯುವ ಥರ್ಮೋಕಪಲ್ ಬದಲಿಸಿದೆ. ಒಂದು ಸಲಕ್ಕೆ ಎರಡು ದಿನ ಬೇಕು, ಯಾಕಂದ್ರೆ ಒತ್ತಡ ಇಳಿಸೋದಕ್ಕೇ ರಾತ್ರಿಯೆಲ್ಲ ಹಿಡಿಯುತ್ತೆ, ಅವಸರ ಮಾಡಿದರೆ ಢಂ ಅಂತ ಸಿಡಿದು ಅನ್ವಿಲ್, ಅಂದರೆ ಒತ್ತುವ ಗಟ್ಟಿ ತುಂಡು, ಹೋಗುತ್ತೆ. ಹೀಗೇ ಮೂರು ವಾರ. ಕೊನೆಗೆ ಸುಮ್ನೆ ಮೇಲಿನ ಡಬ್ಬಿಯದನ್ನು ಕೆಳಗೆ, ಕೆಳಗಿನದನ್ನು ಮೇಲೆ ಇಟ್ಟೆ. ಆಗಲೂ ಅದೇ ಮೊಂಡು ಡಬ್ಬಿಯ ಹರಳು ಕುಗ್ಗಲಿಲ್ಲ. ಎಕ್ಸ್‌-ರೇ ಹಾಯಿಸಿ ದಿಕ್ಕು ನೋಡಿದರೆ ಅದು 100 ಅಲ್ಲವೇ ಅಲ್ಲ, 111, ಅಂದರೆ ಬೇರೆಯದೇ ದಿಕ್ಕು.

ವೀಳ್ಯದೆಲೆ ಕಟ್ಟನ್ನು ಓರೆ ಹಿಡಿದು ಒತ್ತಿ, ಎಲೆ ಜಾರುತ್ತವೆ. ಚಪ್ಪಟೆ ಇಟ್ಟು ಮೇಲಿಂದ ಒತ್ತಿದರೆ ಒಂದೂ ಜಾರಲ್ಲ. ಈ ಹರಳಿನಲ್ಲಿ ಸುಲಭಕ್ಕೆ ಜಾರುವ ಪದರ 110. ಹರಳನ್ನು 100 ದಿಕ್ಕಿನಲ್ಲಿ ಒತ್ತಿದರೆ ಆ ಪದರ 45 ಡಿಗ್ರಿ ಓರೆ ಇರುತ್ತದೆ, ಶ್ಮಿಡ್ ಫ್ಯಾಕ್ಟರ್, ಅಂದರೆ ಒತ್ತಿದ್ದರಲ್ಲಿ ಪದರ ಜಾರಿಸಲು ಸಿಗುವ ಪಾಲು, 0.5, ಅದಕ್ಕಿಂತ ಜಾಸ್ತಿ ಆಗೋದೇ ಇಲ್ಲ. 111 ದಿಕ್ಕಿನಲ್ಲಿ ಅದು ಸೊನ್ನೆ! ಬೇರೆ ಬಿಗಿಯಾದ ಪದರವೇ ಜಾರಬೇಕು, ಅದಕ್ಕೆ ಎಷ್ಟೋ ಹೆಚ್ಚು ಬಲ ಬೇಕು. ಕುಲುಮೆ ಪಾಪ ಸರಿಯಾಗೇ ಇತ್ತು.

ಆಗಿದ್ದಿಷ್ಟೇ. ದಿಕ್ಕು ಬರೆದಿದ್ದು ಡಬ್ಬಿಯ ಮುಚ್ಚಳದ ಮೇಲೆ, ಹರಳುಗಳನ್ನು ಅಸಿಟೋನ್‌ನಲ್ಲಿ ತೊಳೆದಿಡುವಾಗ 111ರ ಡಬ್ಬಿಯ ಜೊತೆ ಮುಚ್ಚಳ ಅದಲು ಬದಲಾಗಿತ್ತು. ಬರೆದವನೂ ನಾನೇ, ತೊಳೆದವನೂ ನಾನೇ. ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ: ಈ ಹರಳು ಸೀಳುವುದೇ 100 ಮುಖದಲ್ಲಿ. ಕತ್ತರಿಸಿ ಉಳಿದ ಚೂರಿನ ಮೇಲೆ ಬ್ಲೇಡ್ ಇಟ್ಟು ಮೆಲ್ಲಗೆ ತಟ್ಟಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು, ನೆಟ್ಟಗೆ ಸೀಳಿದರೆ ಸರಿ, ಓರೆ ಸೀಳಿದರೆ ಬೇರೆ ಡಬ್ಬಿಯದು. ಈಗ ಪ್ರತಿ ಡಬ್ಬಿಯಲ್ಲೂ ಅಂಥ ಒಂದು ಚೂರು ಇಟ್ಟಿರುತ್ತೇನೆ, ಹೆಸರು ಡಬ್ಬಿಯ ತಳಕ್ಕೆ ಬರೆದು.