ಜಿಸಿ ಕಣ್ಣಿಗೆ ನೀರು ಕಾಣಲ್ಲ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಪ್ಲಾಂಟಿನಲ್ಲಿ ಬಳಸಿದ ಐಸೊಪ್ರೊಪೈಲ್ ಆಲ್ಕೋಹಾಲನ್ನು (ನಮ್ಮ ಬಾಯಲ್ಲಿ ಬರೀ ಐಪಿಎ) ಬಟ್ಟಿ ಇಳಿಸಿ ಮತ್ತೆ ಬಳಸುತ್ತಿದ್ದರು. ಆ ಡ್ರಮ್ಮಿನ ಸ್ಯಾಂಪಲ್ ನನ್ನ ಕೈಗೆ ಬಂತು. ಜಿಸಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಮಿಶ್ರಣದಲ್ಲಿರೋದನ್ನು ಬೇರೆಬೇರೆ ಮಾಡಿ ಒಂದೊಂದಕ್ಕೂ ಒಂದು ಉಬ್ಬು, ಅಂದರೆ ಪೀಕು, ಬರೆಯುವ ಯಂತ್ರ) ಹಾಕಿದೆ. ಮೊದಲು ಮೆಥನಾಲಿನ ಪುಟ್ಟ ಪೀಕು, ಆಮೇಲೆ ಗೋಪುರದ ಹಾಗೆ ಐಪಿಎ. ಪೀಕುಗಳ ಒಟ್ಟು ಏರಿಯಾದಲ್ಲಿ ಐಪಿಎ ಪಾಲು 99.4 ಪರ್ಸೆಂಟ್. ‘ಶುದ್ಧತೆ 99.4%’ ಅಂತ ಬರೆದು ಕಳಿಸಿಬಿಟ್ಟೆ.

ಮರುದಿನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಪ್ರೊಡಕ್ಷನ್‌ನವರು ಬಂದರು. ನಿಮ್ಮ ರಿಪೋರ್ಟ್ ನಂಬಿ ಹಾಕಿದೆವು, ಬ್ಯಾಚಿನಲ್ಲಿ ನೀರು ಜಾಸ್ತಿಯಾಗಿದೆ ಅಂದರು. ನೀರನ್ನಷ್ಟೇ ಅಳೆಯುವ ಕಾರ್ಲ್ ಫಿಶರ್ (ಕೆಎಫ್) ಟೆಸ್ಟ್ ಮಾಡಿದರೆ 12 ಪರ್ಸೆಂಟ್ ನೀರು! ಸಿರಿಂಜ್ ತೊಳೆದೆ, ಸೆಪ್ಟಮ್ (ಸೂಜಿ ತೂರುವ ರಬ್ಬರ್ ಬಿಲ್ಲೆ) ಬದಲಾಯಿಸಿದೆ, ಮತ್ತೆ ಹಾಕಿದೆ. ಅದೇ 99.4.

ನಮ್ಮ ಸೀನಿಯರ್ ವಿಜಯಪುರದ ಕಡೆಯವರು. “ತಂಗಿ, ಎಫ್‌ಐಡಿ ಒಳಗ ಏನೈತಿ?” ಅಂದರು. ಅದು ಜಿಸಿಯ ಕೊನೆಯಲ್ಲಿ ಕೂತು ಪೀಕು ಗುರುತಿಸುವ ಡಿಟೆಕ್ಟರ್.

“ಹೈಡ್ರೋಜನ್ ಉರಿ, ಸರ್.”

“ಉರಿಯೊಳಗ ನೀರು ಸುಡತೈತೇನು?”

ನಾಲಿಗೆ ಕಚ್ಚಿಕೊಂಡೆ. ಕಾರ್ಬನ್ ಸುಟ್ಟಾಗ ಹುಟ್ಟುವ ಅಯಾನುಗಳಷ್ಟೇ ಅದಕ್ಕೆ ಗೊತ್ತಾಗೋದು. ನೀರಿಗೆ ಪೀಕೇ ಬರಲ್ಲ. ಕಂಡ ಪೀಕುಗಳನ್ನೇ ಕೂಡಿಸಿ ನೂರು ಮಾಡಿದ ಲೆಕ್ಕವನ್ನು ನಾನು ಶುದ್ಧತೆ ಅಂದುಕೊಂಡಿದ್ದೆ. ಇನ್ನು ಐಪಿಎ, 80 ಡಿಗ್ರಿ ಹತ್ತಿರ ಸುಮಾರು 12 ಪರ್ಸೆಂಟ್ ನೀರನ್ನು ಜೊತೆಗೇ ಕರೆದುಕೊಂಡು ಆವಿಯಾಗುತ್ತದೆ. ಸುಮ್ನೆ ಎಷ್ಟು ಸಲ ಬಟ್ಟಿ ಇಳಿಸಿದರೂ ಅಷ್ಟೇ. ಹೀಗೆ ಒಟ್ಟಿಗೇ ಕುದಿಯುವ ಮಿಶ್ರಣಕ್ಕೇ ಅಜಿಯೋಟ್ರೋಪ್ ಅನ್ನೋದು! ಬಿಎಸ್ಸಿಯಲ್ಲಿ ಐದು ಮಾರ್ಕಿಗೆ ಬರೆದಿದ್ದೆ.

ಅವರು ಅಷ್ಟಕ್ಕೇ ಬಿಡಲಿಲ್ಲ. ಮೆಥನಾಲ್, ಎಥನಾಲ್, ಎನ್-ಪ್ರೊಪನಾಲ್ ಮೂರನ್ನೂ ಸಮ ತೂಕ ಹಾಕಿಸಿ, ಒಂದು ಮೈಕ್ರೋಲೀಟರ್ ಚುಚ್ಚಿಸಿದರು. ತಲಾ 33 ಪರ್ಸೆಂಟ್ ಬರಬೇಕು, ಅಲ್ವಾ? ಬಂದದ್ದು ಹೆಚ್ಚುಕಡಿಮೆ 18, 36, 46. ಮೆಥನಾಲಿನಲ್ಲಿ ಇರೋದೇ ಒಂದು ಕಾರ್ಬನ್, ಅದಕ್ಕೂ ಆಕ್ಸಿಜನ್ ಅಂಟಿಕೊಂಡಿದೆ. ಅಂಥ ಕಾರ್ಬನ್ ಉರಿಯಲ್ಲಿ ಪೂರ್ತಿ ಲೆಕ್ಕಕ್ಕೆ ಸಿಗಲ್ಲ. ಅಂದರೆ ನನ್ನ ರಿಪೋರ್ಟಿನ ಆ ಪುಟ್ಟ ಪೀಕೂ ಸುಳ್ಳೇ ಹೇಳಿತ್ತು. ನೀರಿಗಿಂತ ನನಗೆ ಹೆದರಿಕೆಯಾದದ್ದು ಇದಕ್ಕೆ. ಮೆಥನಾಲ್ ವಿಷ, ಅದನ್ನೇ ಕಡಿಮೆ ತೋರಿಸಿದ್ದೆ.

ಸಂಜೆ, ಯಾವುದು ಎಷ್ಟಿದೆ ಅಂತ ಗೊತ್ತಿರುವ ಹಾಗೆ ತೂಕ ಮಾಡಿದ ಸ್ಟ್ಯಾಂಡರ್ಡ್ ಹಾಕಿದೆ. ಹೋಲಿಸಿ ನೋಡೋಕೆ ಗೊತ್ತಾದ ತೂಕದ ಎನ್-ಬ್ಯೂಟನಾಲನ್ನು (ಇಂಟರ್ನಲ್ ಸ್ಟ್ಯಾಂಡರ್ಡ್) ಸೇರಿಸಿ, ಒಂದೊಂದಕ್ಕೂ ರೆಸ್ಪಾನ್ಸ್ ಫ್ಯಾಕ್ಟರ್, ಅಂದರೆ ಇಷ್ಟು ತೂಕಕ್ಕೆ ಇಷ್ಟು ಏರಿಯಾ ಅನ್ನುವ ಲೆಕ್ಕ, ತೆಗೆದೆ. ಹಳೆಯ ರಿಪೋರ್ಟ್ ಹೊಡೆದುಹಾಕಿ ಹೊಸದು ಬರೆದೆ: ಐಪಿಎ 86.8, ಮೆಥನಾಲ್ 1.2, ನೀರು 12.0. ನೀರಿನ ಮುಂದೆ ‘ಕೆಎಫ್’ ಅಂತ ದಪ್ಪಗೆ ಬರೆದು ಸಹಿ ಹಾಕಿದೆ.