ಒಂಬತ್ತು ಪ್ರಶ್ನೆಗಳ ಹಾಳೆ

ಕಳೆದ ಆಷಾಢದ ಒಂದು ಬೆಳಿಗ್ಗೆ, ಜಯನಗರದ ಕ್ಲಿನಿಕ್ಕೊಂದರಲ್ಲಿ ಫಾಸ್ಟಿಂಗ್ ರಕ್ತ ಕೊಟ್ಟು, ಎದುರಿನ ದರ್ಶಿನಿಯಲ್ಲಿ ಎರಡು ಇಡ್ಲಿ ತಿಂದು ಬಂದು, ಎರಡನೆಯ ಸಲದ ರಕ್ತಕ್ಕಾಗಿ ಕಾಯುತ್ತ ಕುಳಿತಿದ್ದಾಗ ನರ್ಸ್ ನನ್ನ ಕೈಗೆ ಒಂದು ಹಾಳೆಯನ್ನು ಕೊಟ್ಟರು. ಕಳೆದ ಎರಡು ವಾರಗಳಲ್ಲಿ ಮನಸ್ಸು ಹೇಗಿತ್ತೆಂದು ಕೇಳುವ ಒಂಬತ್ತು ಪ್ರಶ್ನೆಗಳು ಅದರಲ್ಲಿದ್ದವು. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಶುಗರ್ ಬಂದು 16 ವರ್ಷವಾದರೂ ಇಂಥದ್ದನ್ನು ನನ್ನನ್ನು ಯಾರೂ ಕೇಳಿರಲಿಲ್ಲ.

ನಿದ್ದೆ, ಸುಸ್ತು, ಹಸಿವು ಎಂಬ ಮೂರನ್ನೂ ಶುಗರ್ ಖಾತೆಗೇ ಬರೆದುಕೊಂಡು ಬಂದವಳು ನಾನು. ಪಾದ ಉರಿಯುವ ರಾತ್ರಿಗಳಲ್ಲಿ ಒದ್ದೆ ಟವೆಲ್ ಸುತ್ತಿಕೊಂಡು, ಹಾಲಿನ ವ್ಯಾನಿನ ಸದ್ದು ಕೇಳುವವರೆಗೂ ಕಣ್ಣು ಬಿಟ್ಟೇ ಮಲಗಿರುತ್ತಿದ್ದೆ. ಲಾಲ್‌ಬಾಗಿನ ವಾಕಿಂಗ್ ನಿಂತು ತಿಂಗಳುಗಳಾಗಿದ್ದವು. ಕಾಲುರಿಯೇ ಕಾರಣವೆಂದು ಗೆಳತಿಯರಿಗೆ ಹೇಳಿದ್ದೆ. ಅದು ಅರ್ಧ ಸತ್ಯ.

ನನ್ನ ಪೆನ್ನು ನಿಂತದ್ದು ಆರನೆಯ ಪ್ರಶ್ನೆಯಲ್ಲಿ. ನಾನು ಸೋತವಳು, ಮನೆಯವರ ನಿರೀಕ್ಷೆ ಉಳಿಸಿಕೊಳ್ಳದವಳು ಎನ್ನಿಸುತ್ತದೆಯೇ ಎಂದು ಅದು ಕೇಳುತ್ತಿತ್ತು. ಯುಗಾದಿಯ ದಿನ ಹೋಳಿಗೆ ಬಡಿಸುತ್ತ ಬಂದ ಓರಗಿತ್ತಿ, ‘ಅವರಿಗೆ ಬೇಡ, ಶುಗರ್’ ಎಂದು ತಾನೇ ಹೇಳಿಕೊಂಡು ನನ್ನ ಎಲೆಯನ್ನು ದಾಟಿ ಹೋದದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ ಹಾಕದೆ ಅಡುಗೆಮನೆಯಲ್ಲಿ ನಿಂತುಕೊಂಡೇ ನಾನೊಂದು ಹೋಳಿಗೆ ತಿಂದದ್ದು, ಬೆಳಿಗ್ಗೆ ಗ್ಲುಕೋಮೀಟರ್ ತೋರಿಸಿದ 240ನ್ನು ಪುಸ್ತಕದಲ್ಲಿ 140 ಎಂದು ಬರೆದದ್ದು, ಎಲ್ಲವೂ ಸಾಲಾಗಿ ನೆನಪಿಗೆ ಬಂದವು. ಇನ್ಸುಲಿನ್ ಶುರುವಾದಾಗ ‘ಅಯ್ಯೋ, ಸೂಜಿಗೆ ಬಂತಾ?’ ಎಂದ ನೆಂಟರೂ ನೆನಪಾದರು. ಮೂರಕ್ಕೆ ಗುರುತು ಹಾಕಿದೆ.

ಡಾಕ್ಟರು ಅಂದು ಶುಗರ್ ರಿಪೋರ್ಟಿಗಿಂತ ಮೊದಲು ಆ ಹಾಳೆಯನ್ನು ನೋಡಿದರು. ಮಧುಮೇಹವಿರುವವರಲ್ಲಿ ಖಿನ್ನತೆ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚೆಂದೂ, ಹೆಂಗಸರಲ್ಲಿ, ನರದ ನೋವಿನಂಥ ತೊಡಕು ಇರುವವರಲ್ಲಿ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಒಂಟಿತನ ಕಾಡುವವರಲ್ಲಿ ಅದು ಇನ್ನೂ ಹೆಚ್ಚಾಗಿ ಕಾಣುವುದೆಂದೂ ಹೇಳಿದರು. ಮನಸ್ಸು ಕುಗ್ಗಿದರೆ ಮಾತ್ರೆ, ಪಥ್ಯ, ನಡಿಗೆ ತಪ್ಪಿ ಶುಗರ್ ಏರುತ್ತದೆ. ಏರಿದ ಶುಗರ್ ಮನಸ್ಸನ್ನು ಮತ್ತಷ್ಟು ಕುಗ್ಗಿಸುತ್ತದೆ. ಕಾಯಿಲೆಯನ್ನು ನಿಭಾಯಿಸಿ ಬೇಸತ್ತು ಹೋಗುವುದೇ ಬೇರೆ, ಖಿನ್ನತೆಯೇ ಬೇರೆ, ಎರಡೂ ಒಟ್ಟಿಗಿರಲೂಬಹುದು ಎಂದ ಅವರ ಮಾತು ನನಗೆ ತುಂಬ ಹಿಡಿಸಿತು. ಶುಗರ್ ಮಾತ್ರೆಯಾದ ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡರೆ ಬಿ12 ವಿಟಮಿನ್ ಕಡಿಮೆಯಾಗಿ ಸುಸ್ತು, ಕಾಲು ಜೋಮು ಹೆಚ್ಚಬಹುದೆಂದು ಅದರ ಪರೀಕ್ಷೆಯನ್ನೂ, ಜೊತೆಗೆ ಥೈರಾಯ್ಡ್ ಪರೀಕ್ಷೆಯನ್ನೂ ಬರೆದರು. ಮನೋವೈದ್ಯರಿಗೊಂದು ಚೀಟಿ ಕೊಟ್ಟು, ನಡುವೆ ಯಾವಾಗ ಬೇಕೆನಿಸಿದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದೆಂದರು. ಹೋಳಿಗೆಯ ವಿಷಯ ಹೇಳಿದಾಗ ಬೈಯಲಿಲ್ಲ. ಅರ್ಧ ಹೋಳಿಗೆಯನ್ನು ಎಲ್ಲರೆದುರೇ ಕೂತು ತಿನ್ನಿ ಎಂದರು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಯಜಮಾನರು ಎಂದಿನಂತೆ ‘ಎಷ್ಟು ಬಂತು?’ ಎಂದು ಕೇಳಿದರು. ‘ಹದಿನಾಲ್ಕು’ ಎಂದೆ. ಶುಗರಿನ ಮೂರು ತಿಂಗಳ ಸರಾಸರಿಯೇ (ಎಚ್‌ಬಿಎ1ಸಿ) ಅಷ್ಟಾಯಿತೆಂದು ಗಾಬರಿಯಾಗಿ ಅವರು ಟಿವಿಯ ಸದ್ದು ತಗ್ಗಿಸಿದರು. ಬ್ಯಾಗಿನಿಂದ ಹಾಳೆಯನ್ನು ತೆಗೆದು, ಕನ್ನಡಕ ಹಾಕಿಕೊಳ್ಳಿ ಎಂದು ಅವರ ಪಕ್ಕದಲ್ಲಿ ಕುಳಿತೆ.